ಹಿತ್ತಾಳೆ ತಗಡಿನ ಎರಡನೆಯ ಗುರುತು

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳಲು ಕುಳಿತರೆ, ನಾನು ಹೊರಗೆ ತಲೆಯಾಡಿಸುತ್ತಾ ಒಳಗೊಳಗೆ ಅದರಲ್ಲಿ ತೂತು ಹುಡುಕುವವನು. ಆ ದಿನ ಇವನು ಎಷ್ಟು ಕುಡಿದಿದ್ದ, ಕನ್ನಡಕ ಹಾಕಿದ್ದನೋ ಇಲ್ಲವೋ, ಈ ಕತೆಯಿಂದ ಇವನಿಗೇನು ಲಾಭ, ಇಂಥ ಪ್ರಶ್ನೆಗಳೇ ನನ್ನ ತಲೆಯಲ್ಲಿ ಓಡುತ್ತವೆ. ಇದನ್ನು ಓದುವಾಗ ನೀವೂ ಅವನ್ನೇ ಕೇಳಿಕೊಳ್ಳಿ, ನನಗೆ ಬೇಸರವಿಲ್ಲ. ನಾನು ಕುಡಿದಿರಲಿಲ್ಲ. ಆಗ ಕಣ್ಣು ಚೆನ್ನಾಗಿತ್ತು. ಲಾಭವಂತೂ ಏನೂ ಆಗಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆ ಕಾರ್ಕಳಕ್ಕೆ ತಾಗಿದ ಕುಕ್ಕುಂದೂರಿನಲ್ಲಿ. ನಾನು ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ವಿಭಾಗದಲ್ಲಿದ್ದೆ. ರಜೆಯ ದಿನಗಳಲ್ಲಿ ನಮ್ಮ ಕ್ರಿಶ್ಚಿಯನ್ ಮದುವೆಗಳಿಗೆ ಹೋಗುವ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದೆ. ನನ್ನದು ಡೊಳ್ಳು ಹೊಟ್ಟೆಯ ಮರದ ಗಿಟಾರ್. ಡ್ರಮ್ಮು, ಟ್ರಂಪೆಟ್ಟುಗಳ ಅಬ್ಬರದಲ್ಲಿ ಅದರ ಸ್ವರ ನನ್ನ ಕಿವಿಗೇ ಕೇಳುತ್ತಿರಲಿಲ್ಲ. ಈಸ್ಟರ್ ಕಳೆದು ಮದುವೆಗಳು ಶುರುವಾಗುವ ಮೊದಲು ಕರೆಂಟಿನ ಗಿಟಾರ್ ತಾರದಿದ್ದರೆ ಬೇರೆಯವರನ್ನು ಕರೆಯುತ್ತೇನೆ ಎಂದು ಬ್ಯಾಂಡಿನ ಯಜಮಾನ ಹೇಳಿಬಿಟ್ಟಿದ್ದ.

ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ನಾನು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಅಣ್ಣ ಗ್ರೆಗರಿ ಬೊಂಬಾಯಿಗೆ ಹೋಗಿ ಹಡಗಿನಲ್ಲಿ ಕೆಲಸ ಹಿಡಿದವನು, ಕೆಲವು ವರ್ಷ ತಪ್ಪದೆ ಕಾಗದ ಬರೆದು ಆಮೇಲೆ ನಿಲ್ಲಿಸಿದ. ವಿಚಾರಿಸಿದಷ್ಟೂ ಗೊಂದಲವಾಯಿತು. ಒಬ್ಬರು ಅವನನ್ನು ಬಸ್ರಾದಲ್ಲಿ ನೋಡಿದೆವೆಂದರು, ಇನ್ನೊಬ್ಬರು ಅಂಥ ಹೆಸರಿನ ಹಡಗೇ ಇಲ್ಲ ಎಂದರು. ಅಜೆಕಾರಿನಲ್ಲಿದ್ದ ಅಮ್ಮನ ತಮ್ಮ, ನಮ್ಮ ಮಾವ, ಬಂದಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದರು. "ಸಾಕು ಅಕ್ಕ. ಅವನ ಹೆಸರಲ್ಲಿ ಇಗರ್ಜಿಯಲ್ಲಿ ಸತ್ತವರ ಪೂಜೆಯೊಂದು ಕೊಡಿಸುವ. ಆತ್ಮಕ್ಕಾದರೂ ಶಾಂತಿ ಬೇಡ್ವಾ?" ಅಮ್ಮ ಅಕ್ಕಿಯ ಕಲ್ಲು ಆರಿಸುತ್ತಾ ತಲೆ ಎತ್ತದೆ ಹೇಳುತ್ತಿದ್ದಳು: "ಅವನು ಸತ್ತದ್ದನ್ನು ಕಂಡವರನ್ನು ಕರೆದುಕೊಂಡು ಬಾ. ಮತ್ತೆ ನೋಡುವ." ನಾನು ಮನಸ್ಸಿನಲ್ಲಿ ಮಾವನ ಪಕ್ಷವೇ. ಹೀಗೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂದು ಕಾಯುವುದು ಅವಳನ್ನು ತಿನ್ನುತ್ತಿತ್ತು.

ಗಿಟಾರ್ ಸಿಕ್ಕಿದ್ದು ಕಾಪುವಿನಲ್ಲಿ. ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ವಸಂತಣ್ಣ ಎಂಬವರ ಮನೆ. ಗಲ್ಫಿನ ಒಂದು ಗ್ಯಾರೇಜಿನಲ್ಲಿ ದುಡಿದು ಊರಿಗೆ ಮರಳಿದ್ದರು. ಜಪಾನಿನ ಗಿಟಾರ್, ಜಂಬುನೇರಳೆ ಬಣ್ಣ. ಹಳೆಯದಾದರೂ ಅದರ ಮುಖ್ಯ ಭಾಗಗಳನ್ನೆಲ್ಲ ಅವರು ಬದಲಿಸಿದ್ದರು. ತಂತಿ ಬಿಗಿಯುವ ಕೀಗಳು ಹೊಸವು, ಸ್ವರ ಹಿಡಿಯುವ ಪಿಕಪ್ ಹೊಸತು. ಎಲ್ಲಕ್ಕಿಂತ ಹೆಚ್ಚಾಗಿ ಬ್ರಿಡ್ಜ್, ಅಂದರೆ ಕೆಳಗಡೆ ತಂತಿಗಳ ಬುಡ ಕೂರುವ ತಗಡು. ಕಂಪೆನಿಯ ತೆಳ್ಳನೆಯ ತಗಡನ್ನು ಕಿತ್ತು, ದಪ್ಪ ಹಿತ್ತಾಳೆಯದನ್ನು ತಾವೇ ಗ್ಯಾರೇಜಿನಲ್ಲಿ ಕೊಯ್ದು ಅರ ಹಾಕಿ ಕೂರಿಸಿದ್ದರು. "ಮೀಟಿ ನೋಡಿ. ಸ್ವರ ಹೇಗೆ ನಿಲ್ತದೆ," ಎಂದರು. ನಿಂತಿತು, ನಿಜ.

ಮೆಚ್ಚಿದಷ್ಟೂ ನನ್ನ ಸಂಶಯ ಹೆಚ್ಚುವುದು ಹುಟ್ಟುಗುಣ. ಅದಕ್ಕೆ ಹಿಂದೆ ಉಡುಪಿಯಲ್ಲಿ ಒಂದು ಹಳೆಯ ರೇಡಿಯೋ ನೋಡಿ ಬಂದಿದ್ದೆ, ಆಮೇಲೆ ಹಣ ಕೊಟ್ಟು ಮನೆಗೆ ತಂದು ಬಿಚ್ಚಿದರೆ ಒಳಗಿನ ಒಳ್ಳೆಯ ಸಾಮಾನೆಲ್ಲ ಬೇರೆಯಾಗಿತ್ತು. ಈ ಗಿಟಾರಿಗೂ ಹಣ ಹೊಂದಿಸಿ ಬರಲು ಕೆಲವು ದಿನ ಬೇಕಿತ್ತು. ಅಷ್ಟರಲ್ಲಿ ಈ ಮನುಷ್ಯ ಹಿತ್ತಾಳೆಯನ್ನು ತೆಗೆದು ಹಳೆಯ ತಗಡಿಗೆ ಬಣ್ಣ ಬಳಿದು ಕೂರಿಸಿದರೆ? ತಂತಿ ಸಡಿಲಿಸಿ ತಗಡನ್ನು ಬಿಚ್ಚಿ ನೋಡುತ್ತೇನೆ ಎಂದೆ. "ಎಂತ, ಆಪರೇಶನ್ ಮಾಡ್ತೀರಾ?" ಎಂದು ನಕ್ಕರು, ಆದರೂ ಸ್ಕ್ರೂಡ್ರೈವರ್ ತಂದುಕೊಟ್ಟರು. ತಗಡಿನ ಅಡಿಮುಖದಲ್ಲಿ ಅರ ಉಜ್ಜಿದ ಗೆರೆಗಳ ಹೊರತು ಏನೂ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ್ದೇನೆ.

ಅವರು ಚಹಾ ತರಲು ಒಳಗೆ ಹೋದಾಗ, ಜೇಬಿನಲ್ಲಿದ್ದ ಪ್ರೆಸ್ಸಿನ ದಬ್ಬಳದಿಂದ ಮೂಲೆಯಲ್ಲಿ ಗುರುತು ಕೊರೆದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮದುವೆ ಬಂತೆಂದರೆ ಊರಿನ ಮನೆಮನೆಗಳಿಂದ ಹಂಡೆ, ಬೋಗುಣಿ, ಕೌಳಿಗೆಗಳನ್ನು ಎರವಲು ತರುತ್ತಾರೆ. ಊಟ ಮುಗಿದ ಮೇಲೆ ಯಾರದ್ದು ಯಾರಿಗೆ ಎಂದು ಜಗಳವಾಗಬಾರದೆಂದು ಪ್ರತಿ ಮನೆಯವರೂ ಪಾತ್ರೆಯ ಬುಡದಲ್ಲಿ ತಮ್ಮ ಗುರುತು ಕೊರೆದಿರುತ್ತಾರೆ. ನಮ್ಮ ಮನೆಯದು ನೆಟ್ಟಗೆ ಒಂದು ಗೀಟು, ಅದನ್ನು ದಾಟುವ ಎರಡು ಓರೆ ಗೀಟು. ಅಪ್ಪ ಹಾಕಿದ ಗುರುತುಗಳಲ್ಲಿ ಓರೆ ಗೀಟು ಬಲಕ್ಕೆ ಏರುತ್ತದೆ. ಅಪ್ಪನ ನಂತರ ಆ ಕೆಲಸ ಅಣ್ಣನದಾಯಿತು. ಅವನು ಎಡಚ. ಅವನ ಓರೆ ಗೀಟುಗಳು ಎಡಕ್ಕೆ ಏರುತ್ತವೆ. ನನ್ನದು ಅಪ್ಪನ ಹಾಗೆ. ನಮ್ಮ ಅಡುಗೆಮನೆಯ ಯಾವ ಪಾತ್ರೆಯನ್ನು ಕವುಚಿ ಹಾಕಿದರೂ ಯಾರು ಕೊರೆದದ್ದೆಂದು ಹೇಳಬಹುದಿತ್ತು.

ಹಣ ತೆಗೆದುಕೊಂಡು ಹೋದ ದಿನ ನಾನು ಮತ್ತೆ ತಗಡು ಬಿಚ್ಚಿಸಿದೆ. ವಸಂತಣ್ಣನಿಗೆ ಈ ಸಲ ನಗು ಬರಲಿಲ್ಲ. ನನ್ನ ಗುರುತು ಇತ್ತು, ಅದೊಂದೇ ಇತ್ತು. ಸಮಾಧಾನದಿಂದ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ಅಮ್ಮನ ಕೋಣೆ ಒಣಗಿರುತ್ತದೆಂದು ಅವಳ ಮಂಚದ ಕೆಳಗೆ ಇಟ್ಟೆ. ಆ ಸೀಸನ್ನಿನಲ್ಲಿ ಗಿಟಾರ್ ಚೆನ್ನಾಗಿ ಕೂಗಿತು, ಯಜಮಾನನೂ ಬಾಯಿ ಮುಚ್ಚಿದ.

ಮಳೆಗಾಲ ಹಿಡಿಯುವ ಮೊದಲು, ಒಂದು ಶನಿವಾರ ಮುಸ್ಸಂಜೆ, ಮರುದಿನದ ಮದುವೆಗೆಂದು ತಂತಿ ಬದಲಿಸಲು ಕುಳಿತೆ. ಕರೆಂಟು ಹೋಗಿತ್ತು, ಚಿಮಿಣಿ ದೀಪ ಹಚ್ಚಿದ್ದೆ. ಕೈಬೆವರಿನಿಂದ ತಗಡಿನ ಅಂಚು ಕಪ್ಪಾಗಿತ್ತು. ಬಿಚ್ಚಿ ಒರೆಸೋಣವೆಂದು ಸ್ಕ್ರೂ ತೆಗೆದು ತಗಡನ್ನು ಕವುಚಿ ಹಾಕಿದೆ. ಮೂಲೆಯಲ್ಲಿ ನನ್ನ ಗುರುತು, ಇನ್ನೂ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ನೆಟ್ಟಗೆ ಒಂದು ಗೀಟು, ಎರಡು ಓರೆ ಗೀಟು. ಓರೆ ಗೀಟುಗಳು ಎಡಕ್ಕೆ ಏರಿದ್ದವು.

ನನಗೆ ಹೆದರಿಕೆ ಆಯಿತು ಎಂದು ನೇರವಾಗಿ ಹೇಳುತ್ತೇನೆ. ಒಂದು ಸ್ಕ್ರೂ ಜಾರಿ ಮಂಚದ ಅಡಿಗೆ ಉರುಳಿತು. ಆದರೆ ಹೆದರಿಕೆಗಿಂತ ಬೇಗ ಬಂದದ್ದು ಸಂಶಯ. ಅಮ್ಮನೇ ಕೊರೆದಳೇ? ಪೆಟ್ಟಿಗೆ ಅವಳ ಮಂಚದಡಿಯಲ್ಲೇ ಇತ್ತು, ಮಗನ ಆಸೆ ಅವಳಿಗಿತ್ತು. ಅಥವಾ ಗ್ರೆಗರಿ ಬದುಕಿದ್ದು, ನಾನಿಲ್ಲದ ಹೊತ್ತಿಗೆ ಕದ್ದು ಬಂದು ಹೋದನೇ? ಆದರೆ ಅದು ಹೊಸ ಗೀಟಲ್ಲ. ಅದರೊಳಗೆ ಕಿಲುಬು ಹಸುರಾಗಿ ಗಟ್ಟಿಕಟ್ಟಿತ್ತು, ಅಂಚುಗಳು ವರ್ಷಗಟ್ಟಲೆ ತಿಕ್ಕಿದ ಹಾಗೆ ನುಣುಪಾಗಿದ್ದವು. ಆಮೇಲೆ ಒಂದು ಹಿತ್ತಾಳೆ ಚೊಂಬಿನ ಬುಡದಲ್ಲಿ ಗೀಟು ಹಾಕಿ, ಉಪ್ಪು, ಹುಣಸೆ ಎಲ್ಲ ಹಚ್ಚಿಟ್ಟು ನೋಡಿದ್ದೇನೆ. ಹಸುರು ಬಂತು, ಬೆರಳಿನಿಂದ ಒರೆಸಿದರೆ ಹೋಯಿತು. ಇದು ದಬ್ಬಳದಿಂದ ಕೆದಕಿದರೂ ಏಳಲಿಲ್ಲ.

ಕೊನೆಗೆ ಉಳಿದದ್ದು ವಸಂತಣ್ಣ. ಈ ಮನುಷ್ಯನಿಗೆ ಅಣ್ಣನ ಪರಿಚಯವಿದ್ದಿರಬೇಕು. ಗಿಟಾರ್ ಅಣ್ಣನದೇ ಇರಬಹುದು. ಅಣ್ಣನಿಗೆ ಏನೋ ಆಗಿದೆ, ಇವನಿಗೆ ಅದು ಗೊತ್ತು. ಮದುವೆ ಮುಗಿದ ಮರುದಿನ, ಬಸ್ಸಿನಲ್ಲಿ ಕಾಪು ಮುಟ್ಟುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಅವರು ಕೊಲೆಗಾರರೇ ಆಗಿಬಿಟ್ಟಿದ್ದರು. ಹೋದವನೇ ತಗಡನ್ನು ಅವರ ಮುಂದಿಟ್ಟು, ಇದನ್ನು ಕೊರೆದ ನನ್ನ ಅಣ್ಣ ಗ್ರೆಗರಿ ಎಲ್ಲಿ ಎಂದು ಕೇಳಿದೆ.

ಅವರು ತಗಡನ್ನು ಬಹಳ ಹೊತ್ತು ನೋಡಿದರು. "ಇದನ್ನು ಕೊಯ್ದದ್ದು ನಾನೇ ಮಾರಾಯ್ರೆ. ಬೇರೆ ಯಾರ ಕೈಗೂ ಕೊಟ್ಟಿಲ್ಲ. ಗ್ರೆಗರಿ ಅಂತ ಹೇಳುವವ ನಮ್ಮಲ್ಲಿ ಇರಲೇ ಇಲ್ಲ."

"ಹಾಗಾದರೆ ಈ ಗುರುತು ಎಲ್ಲಿಂದ ಬಂತು?"

"ಅದನ್ನು ನೀವು ಹೇಳ್ಬೇಕು. ಎರಡೆರಡು ಸಲ ಬಿಚ್ಚಿ ನೋಡಿದ್ದು ನೀವು, ಅಲ್ವಾ? ಆಗ ಇತ್ತಾ?"

ಇರಲಿಲ್ಲ ಎಂದು ನಾನೇ ಒಪ್ಪಬೇಕಾಯಿತು. ಅವರ ಕಣ್ಣಿನಲ್ಲಿ ಈಗ ನನ್ನ ಮೇಲೆ ಅನುಮಾನ ಕಾಣುತ್ತಿತ್ತು. ಗಿಟಾರ್ ಹಿಂದಿರುಗಿಸಲು ಕತೆ ಕಟ್ಟಿಕೊಂಡು ಬಂದಿದ್ದಾನೆ ಎಂದು ಅವರು ಭಾವಿಸಿದ್ದರೆ ತಪ್ಪೇನೂ ಇಲ್ಲ, ಅವರ ಜಾಗದಲ್ಲಿ ನಾನೂ ಹಾಗೆಯೇ ತಿಳಿಯುತ್ತಿದ್ದೆ. ಬೇಕಾದರೆ ವಾಪಸ್ ಕೊಡಿ, ಹಣ ಕೊಡುತ್ತೇನೆ ಎಂದರು. ಬೇಡ ಎಂದೆ. ಗೇಟಿನ ತನಕ ಬಂದವರು ಮೆಲ್ಲಗೆ, "ಮನೆಯಲ್ಲಿ ಒಮ್ಮೆ ಯಾರಿಗಾದರೂ ತೋರಿಸಿ," ಎಂದು ಸೇರಿಸಿದರು. ಗುರುತನ್ನು ತೋರಿಸಬೇಕೆಂದೋ, ನನ್ನ ತಲೆಯನ್ನು ತೋರಿಸಬೇಕೆಂದೋ ಹೇಳಲಿಲ್ಲ.

ಅಮ್ಮನಿಗೆ ತೋರಿಸುವುದಿಲ್ಲ ಎಂದು ದಾರಿಯುದ್ದಕ್ಕೂ ನಿಶ್ಚಯಿಸುತ್ತಾ ಬಂದೆ. ಹೇಳಿದರೆ ಮಗ ಬದುಕಿದ್ದಾನೆ ಎಂದುಕೊಂಡು ಸಾಯುವ ತನಕ ಬಾಗಿಲು ನೋಡುತ್ತಾ ಕೂರುತ್ತಾಳೆ. ಅಥವಾ ಅವನ ಆತ್ಮ ಬಂದಿದೆ ಎಂದುಕೊಳ್ಳುತ್ತಾಳೆ, ಅದು ಇನ್ನೂ ಕೆಟ್ಟದ್ದು. ಆದರೆ ನಾನು ಜಗಲಿಯಲ್ಲಿ ತಗಡನ್ನು ಕೂರಿಸುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕುಳಿತಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. "ದಿನಾ ಅದನ್ನು ಎಂತ ಬಿಚ್ಚುವುದು ನೀನು? ಕೊಡು," ಎಂದು ನನ್ನ ಕೈಯಿಂದ ತಗಡನ್ನು ತೆಗೆದುಕೊಂಡು, ಪಾತ್ರೆ ತೊಳೆಯುವವರು ಬುಡ ಸವರುವ ಹಾಗೆ ಹೆಬ್ಬೆರಳು ಆಡಿಸಿದಳು. ನನ್ನ ಗುರುತಿನ ಮೇಲೆ ಹೋಯಿತು ಬೆರಳು. ಮತ್ತೆ ಪಕ್ಕದ್ದರ ಮೇಲೆ ಬಂದು ನಿಂತಿತು.

"ಇದು ಗ್ರೆಗರಿಯ ಕೈ," ಎಂದಳು.

"ಅಲ್ಲಮ್ಮ, ನಾನೇ ಹಾಕಿದ್ದು."

"ನೀನು ಬಲಗೈಯವ," ಎಂದಳು ಅಮ್ಮ. ಅಳಲಿಲ್ಲ, ಹಿಗ್ಗಲಿಲ್ಲ. ಯಾವಾಗ ಬಂತು, ಹೇಗೆ ಬಂತು ಎಂದು ಒಂದು ಮಾತು ಕೇಳಲಿಲ್ಲ. ಸೆರಗಿನಿಂದ ತಗಡನ್ನು ಒರೆಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವಳ ಆ ಮುಖ ನೋಡಿದ ಮೇಲೆ, ಇದನ್ನು ಅವಳೇ ಕೊರೆದಿರಬಹುದೆಂಬ ನನ್ನ ಸಂಶಯ ಮಾತ್ರ ಅಲ್ಲಿಗೆ ಬಿತ್ತು.

ಆ ಸಂಜೆ ನಾವಿಬ್ಬರೂ ಜಪಮಾಲೆ ಹಿಡಿದು ಪ್ರಾರ್ಥನೆಗೆ ಕುಳಿತೆವು. ನಮ್ಮ ಮನೆಯ ವಾಡಿಕೆಯಂತೆ ಜಪಮಾಲೆ ಮುಗಿದ ಮೇಲೆ ಪರವೂರಿನಲ್ಲಿರುವವರ ಹೆಸರು ಹೇಳಿ ಒಂದು ಪ್ರಾರ್ಥನೆ, ಕೊನೆಗೆ ಸತ್ತವರ ಹೆಸರು ಹೇಳಿ ಒಂದು. ಪರವೂರಿನವರಲ್ಲಿ ಗ್ರೆಗರಿಯ ಹೆಸರನ್ನು ಅಮ್ಮ ಒಂದು ದಿನವೂ ಬಿಟ್ಟವಳಲ್ಲ. ಅಂದು ಬಿಟ್ಟಳು.  ಇನ್ನು ಸತ್ತವರಲ್ಲಿ ಬರುತ್ತದೆ ಎಂದು ಕಾದೆ. ಅಮ್ಮ ಎರಡರ ನಡುವೆ, ಯಾರ ಹೆಸರನ್ನೂ ಹೇಳದೆ ಇನ್ನೊಂದು ಪ್ರಾರ್ಥನೆ ಹೇಳಿದಳು. ಆಮೇಲೆ ಅಪ್ಪ, ಅಜ್ಜ, ಅಜ್ಜಿಯರ ಹೆಸರು ಎಂದಿನಂತೆ ಬಂದವು. ಅಣ್ಣನದು ಬರಲಿಲ್ಲ. ಮರುದಿನದಿಂದ ಅದೇ ಕ್ರಮವಾಯಿತು.

ಆಮೇಲೆ ಮಾವ ಬಂದು ಪೂಜೆಯ ಮಾತೆತ್ತಿದರೆ ಅಮ್ಮ ವಾದಿಸುವುದನ್ನೇ ಬಿಟ್ಟಳು. ಒಪ್ಪಲೂ ಇಲ್ಲ. ಅವಳ ಕಾಯುವಿಕೆ ಮುಗಿಯಿತೋ, ಬೇರೆ ತರದ್ದೊಂದು ಶುರುವಾಯಿತೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ರಾತ್ರಿ ಚೆನ್ನಾಗಿ ನಿದ್ರೆ ಮಾಡುತ್ತಿದ್ದಳು, ಅಷ್ಟು ಗೊತ್ತು. ತಗಡನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಎರಡು ಗುರುತು ಹಾಗೆಯೇ ಇವೆ, ಮೂರನೆಯದು ಬಂದಿಲ್ಲ.

ಅಮ್ಮ ಹೋದ ಮೇಲೆ ಮನೆಯ ಪ್ರಾರ್ಥನೆ ಹೇಳಿಸುವುದು ನನ್ನ ಪಾಲಿಗೆ ಬಂತು. ಮದುವೆಯಾದ ಹೊಸತರಲ್ಲಿ ಹೆಂಡತಿ ಕೇಳಿದಳು, "ಆ ನಡುವಿನದು ಯಾರಿಗೆ?" ಅಣ್ಣನಿಗೆ ಎಂದೆ. "ಹಾಗಾದರೆ ಮೊದಲಿನದರಲ್ಲೋ ಕೊನೆಯದರಲ್ಲೋ ಸೇರಿಸಿದರೆ ಆಗುದಿಲ್ವಾ?" ಆಗುತ್ತದೆ, ಯಾವುದರಲ್ಲಿ ಎಂದು ನೀನು ಹೇಳು, ಸೇರಿಸುತ್ತೇನೆ ಎಂದೆ. ಅವಳು ಜಪಮಾಲೆಯನ್ನು ಮೊಳೆಗೆ ತೂಗುಹಾಕಿ ಊಟಕ್ಕೆ ಬಡಿಸಲು ಹೋದಳು. ನಿನ್ನೆ ಸಂಜೆಯೂ ಅದನ್ನು ನಡುವೆಯೇ ಹೇಳಿದೆವು.