ಗಂಟೆಗಾರನ ಬಾಯಿ

ಸ್ರೆತೆನ್ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸ ಮಾಡಿ ನಿವೃತ್ತನಾದವನು. ಕಿಕಿಂಡಾ ಪಟ್ಟಣದಲ್ಲಿ ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಮೂವತ್ತೊಂದು ವರ್ಷದಿಂದ ಪ್ರತಿ ಗುರುವಾರ ಹತ್ತು ಗಂಟೆಗೆ ಕಾಫಿಗೆ ಬರುತ್ತಾನೆ. ಮಾತು ತೊದಲುತ್ತದೆ, ಚಿಕ್ಕಂದಿನಿಂದಲೂ. ಅದಕ್ಕೇ ಆ ಕೆಲಸ ಹಿಡಿದೆ ಎಂದು ಅವನೇ ಹೇಳಿದ್ದಾನೆ. ಹಳಿ ಬದಲಿಸುವ ಸನ್ನೆಕೋಲು ಎಳೆಯುವುದಕ್ಕೆ ಬಾಯಿ ಬೇಕಿಲ್ಲ.

ಅವನಿಗೆ ಇದ್ದ ಹುಚ್ಚು ಚಿತ್ರಕಥೆ ಪುಸ್ತಕಗಳದ್ದು. ಅದರಲ್ಲೂ ಒಬ್ಬನದೇ, ಗಂಟೆಗಾರನದು. ಹೊರದೇಶದ ಒಂಬತ್ತು ಕಾವಲುಗಾರರ ಕಥೆಯಲ್ಲಿ ಇವನೊಬ್ಬ. ಕರೀ ನಿಲುವಂಗಿ, ಕೈಯಲ್ಲಿ ಕಂಚಿನ ಗಂಟೆ. ಉಳಿದ ಎಂಟು ಜನ ಪುಟ ತುಂಬ ಮಾತಾಡುತ್ತಾರೆ. ಇವನು ಒಂದು ಮಾತೂ ಆಡುವುದಿಲ್ಲ. ಬರುತ್ತಾನೆ, ಗಂಟೆ ಬಾರಿಸುತ್ತಾನೆ, ಕೆಲಸ ಮುಗಿಸುತ್ತಾನೆ, ಹೋಗುತ್ತಾನೆ. ಸಂಸ್ಕೃತಿ ಭವನದ ನೆಲಮಾಳಿಗೆಯಲ್ಲಿ ಚಿತ್ರಕಥೆ ಓದುಗರ ಸಂಘ ಶುರುವಾದಾಗ ಅದಕ್ಕೆ ಬಾಗಿಲು ಇರಲಿಲ್ಲ. ಸ್ರೆತೆನ್ ರೈಲ್ವೆ ಗುಜರಿಯಿಂದ ಒಂದು ಬಾಗಿಲು ತಂದು ಕೂರಿಸಿದ, ಅದರ ಮೇಲೆ ಗಂಟೆಗಾರನನ್ನು ಬರೆದ. ಬಾಯಿ ಬರೆಯಲಿಲ್ಲ. ಮೂಗಿನ ಕೆಳಗೆ ಬರೀ ಕಪ್ಪು.

ಈ ವಸಂತದಲ್ಲಿ ಆ ಒಂಬತ್ತು ಜನರ ಸಿನಿಮಾ ಬಂತು. ಸಂಘದವರೆಲ್ಲ ಒಟ್ಟಿಗೆ ಹೋದರು, ಸ್ರೆತೆನ್ ನನ್ನನ್ನೂ ಕರೆದುಕೊಂಡು ಹೋದ. ಸೂರ್ಯಕಾಂತಿ ಬೀಜದ ಪೊಟ್ಟಣ ನಮ್ಮಿಬ್ಬರ ನಡುವೆ ಇತ್ತು. ಹತ್ತನೇ ನಿಮಿಷಕ್ಕೆ ಗಂಟೆಗಾರ ಬಂದ. ಬಂದವನೇ ಬಾಯಿ ತೆರೆದು, ಬಿದ್ದುಹೋಗುತ್ತಿದ್ದ ಸೇತುವೆ ನೋಡಿ ಒಂದು ತಮಾಷೆ ಮಾಡಿದ. ಚಿತ್ರಮಂದಿರವೆಲ್ಲ ನಕ್ಕಿತು. ಸ್ರೆತೆನ್ ಬೀಜ ಅಗಿಯುವುದನ್ನು ನಿಲ್ಲಿಸಿ, ರೈಲ್ವೆ ಕೈಗಡಿಯಾರ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಅಲ್ಲಿಂದ ಕೊನೆವರೆಗೂ ಪೊಟ್ಟಣದ ಮೇಲೆ ಪೆನ್ಸಿಲಿನಿಂದ ಗೆರೆ ಹಾಕುತ್ತಲೇ ಇದ್ದ.

ಹೊರಗೆ ಬಂದಾಗ ನನಗೆ ಹೇಳಿದ: "ನ-ನಲವತ್ತೊಂದು ಸಲ ಮಾತಾಡಿದ, ಪೆರ್ಸಿದಕ್ಕ. ಗಂಟೆ ಬಾರಿಸಿದ್ದು ಎರಡು ಸಲ."

ಸಂಘದ ಅಧ್ಯಕ್ಷ ಓಗ್ಞೆನ್ ಔಷಧಿ ಅಂಗಡಿಯವನು, ಒಳ್ಳೆಯ ಮಾತುಗಾರ. ಅವನು ನಗುತ್ತ ಬಂದ. "ಹೇಗಿತ್ತು, ಸ್ರೆತೆನ್ ಮಾಮ? ನಿಮ್ಮ ಮೂಗಬಸವ ಕೊನೆಗೂ ಬಾಯಿ ಬಿಟ್ಟ ನೋಡಿ."

"ಅ-ಅದು ಗಂಟೆಗಾರ ಅಲ್ಲ. ಸಂತೇಲಿ ಚಾಕು ಮಾರೋನು."

"ಅಯ್ಯೋ ಮಾಮ, ಒಂಬತ್ತು ಜನರನ್ನ ಒಂದೇ ಸಿನಿಮಾದಲ್ಲಿ ತೋರಿಸೋದು ಸುಲಭನಾ?"

"ಒಂಬತ್ತು ಜನ ಎಲ್ಲಿದ್ರು? ಒಬ್ಬನೇ ಇದ್ದ, ಒಂಬತ್ತು ಟೊ-ಟೋಪಿ ಹಾಕ್ಕೊಂಡು. ಎಲ್ಲರದೂ ಒಂದೇ ನಾಲಿಗೆ, ಒಂದೇ ಕುಚೇಷ್ಟೆ. ಊರಿಗೆ ಊರೇ ಕುಸೀತು, ಒಳಗೆ ಯಾರಿದ್ರು ಅಂತ ಒಬ್ಬನೂ ತಿ-ತಿರುಗಿ ನೋಡ್ಲಿಲ್ಲ. ನೋಡೋಕೆ ಪುರುಸೊತ್ತೆಲ್ಲಿ, ಎಲ್ಲರೂ ಹರಟೆ ಹೊಡೀತಿದ್ರಲ್ಲ."

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಿನಿಮಾದ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ. ನಾನೂ ನೋಡಿದ್ದೇನೆ. ಕೊನೆಯ ಜಗಳ ಇಡೀ ಕತ್ತಲಲ್ಲೇ ನಡೆಯಿತು, ಯಾರು ಯಾರಿಗೆ ಹೊಡೆದರೋ ತಿಳಿಯಲಿಲ್ಲ.

ಓಗ್ಞೆನ್ ಮಾತ್ರ ಬಿಡಲಿಲ್ಲ. ಬರುವ ಶನಿವಾರದ ಸಭೆಯಲ್ಲಿ ಬಾಗಿಲಿನ ಹಳೆಯ ಚಿತ್ರ ಅಳಿಸಿ, ಸಿನಿಮಾದ ಗಂಟೆಗಾರನ ನಗುಮುಖ ಬರೆಸಬೇಕೋ ಬೇಡವೋ ಎಂದು ಕೈ ಎತ್ತಿಸುವುದಾಗಿ ಹೇಳಿದ. ಬೇಡ ಎನ್ನುವವರ ಕಡೆಯಿಂದ ಒಬ್ಬರು ಎದ್ದು ನಿಂತು ಕಾರಣ ಹೇಳಬೇಕು ಎಂದ.

ಗುರುವಾರ ಕಾಫಿಗೆ ಬಂದ ಸ್ರೆತೆನ್ ಕುಳಿತ ಕೂಡಲೇ ಕೇಳಿದ: "ನೀವು ಅಚ್ಚುಕೂಟದಲ್ಲಿದ್ರಲ್ಲ ಅಕ್ಕ. ನಮ್ಮ ಭಾಷೆಯ ಸಂಚಿಕೆಗಳು ಅಚ್ಚಾಗಿದ್ದು ಅಲ್ಲೇ. ಹೊರಗಿಂದ ಬಂದ ಮೂ-ಮೂಲ ಹಾಳೆ ಒಂದಾದ್ರೂ ಇದೆಯಾ? ಅವನು ಮೊದಲಿಂದ ಮಾತಾಡ್ದೋನಲ್ಲ ಅಂತ ತೋರಿಸ್ಬೇಕು. ಎದ್ದು ನಿಂತು ಮಾತಾಡೋದು ನನ್ನಿಂದ ಆಗಲ್ಲ. ಹಾಳೆ ಮೇಲೆತ್ತಿ ಹಿಡಿದು ಕೂತ್ಕೋತೀನಿ."

ನಾನು ಕಾಫಿ ಪಾತ್ರೆ ಒಲೆಯಿಂದ ಇಳಿಸಿದೆ. ಇನ್ನು ಹೇಳದೆ ಇರುವಂತಿರಲಿಲ್ಲ.

ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಚ್ಚುಕೂಟಕ್ಕೆ ಸೇರಿದೆ. ನನಗೆ ಓದು ಅಷ್ಟಕ್ಕಷ್ಟೆ, ನಮ್ಮ ಲಿಪಿಯನ್ನೇ ಬೆರಳಿಟ್ಟು ಓದುವವಳು. ಆದರೆ ಕೈ ನಡುಗುವುದಿಲ್ಲ. ಪುಟಗಳು ಪಾರದರ್ಶಕ ಹಾಳೆಯ ಮೇಲೆ ಬರುತ್ತಿದ್ದವು. ಮಾತಿನ ಗುಳ್ಳೆಯೊಳಗಿನ ಪರದೇಶಿ ಅಕ್ಷರವನ್ನು ಬ್ಲೇಡಿನಿಂದ ಕೆರೆಯುವುದು ನನ್ನ ಕೆಲಸ. ಆಮೇಲೆ ಅಕ್ಷರ ಬರೆಯುವವನು ಅಲ್ಲಿ ನಮ್ಮ ಮಾತು ಬರೆಯುತ್ತಿದ್ದ. ಕಪ್ಪು ಜಾಗದಲ್ಲಿ ಬಿಳಿ ಚುಕ್ಕೆ, ಗೀರು ಕಂಡರೆ ಕುಂಚದಿಂದ ಮುಚ್ಚು ಎಂದು ಮೇಸ್ತ್ರಿ ಹೇಳಿದ್ದರು. ಗಂಟೆಗಾರನ ಮಾತಿಗೆ ಗುಳ್ಳೆ ಇರಲಿಲ್ಲ. ಅವನ ಕರೀ ನಿಲುವಂಗಿಯ ಮೇಲೇ ಬಿಳಿಯಲ್ಲಿ, ಜೇಡರ ಬಲೆಯಂಥ ಸಣ್ಣ ಸೊಟ್ಟ ಅಕ್ಷರದಲ್ಲಿ ಬರೆದಿರುತ್ತಿತ್ತು. ನನಗೆ ಅದು ಗೀರು ಎಂದೇ ಕಂಡಿತು. ಮುಚ್ಚಿದೆ. ಒಂದು ಚುಕ್ಕೆಯೂ ಉಳಿಯದ ಹಾಗೆ ಮುಚ್ಚಿದೆ.

ಮೇಸ್ತ್ರಿಗೆ ಗೊತ್ತಾದದ್ದು ನಾಲ್ಕನೇ ಸಂಚಿಕೆಗೆ. ಬೈದರು. ಅದೇ ವಾರ ಒಬ್ಬ ಓದುಗನ ಕಾಗದ ಬಂದಿತ್ತು, ಅದನ್ನು ನಮಗೆಲ್ಲ ಓದಿ ಹೇಳಿದರು. 'ಅವನಿಗೂ ನನ್ನ ಹಾಗೆ ಮಾತು ಬರುವುದಿಲ್ಲ, ಆದರೂ ಅವನನ್ನು ನೋಡಿ ಯಾರೂ ನಗುವುದಿಲ್ಲ' ಎಂದಿತ್ತು. ಮೇಸ್ತ್ರಿ ಕಾಗದ ಮಡಚಿ, "ಮುಚ್ಚುತ್ತಲೇ ಇರಿ" ಎಂದರು. ನೂರಾ ಮೂವತ್ತೆರಡು ಸಂಚಿಕೆ ನಾನು ಮುಚ್ಚಿದೆ.

ಇಷ್ಟನ್ನೂ ಒಂದೂ ಬಿಡದೆ ಸ್ರೆತೆನ್‌ಗೆ ಹೇಳಿದೆ. ಕಾಗದದ ಕೆಳಗೆ ಇದ್ದದ್ದು ಅವನದೇ ಹೆಸರು ಎಂಬುದನ್ನೂ ಹೇಳಿದೆ.

ಅವನು ಬಟ್ಟಲನ್ನು ತಟ್ಟೆಯ ಮೇಲೆ ಇಟ್ಟ. "ಮೂವತ್ತೊಂದು ವರ್ಷ ನಿಮ್ಮ ಕಾ-ಕಾಫಿ ಕುಡಿದಿದೀನಿ," ಎಂದ. "ಒಂದು ಗುರುವಾರ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಆ ಸಿನಿಮಾದವರಿಗಿಂತ ನೀವೇನು ಕಮ್ಮಿ?"

ಬಾಗಿಲು ಹಾಕದೆಯೇ ಹೊರಟುಹೋದ.

ಶನಿವಾರ ನಾನು ನೆಲಮಾಳಿಗೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಸ್ರೆತೆನ್ ಈ ಕಡೆ ನೋಡಲಿಲ್ಲ. ಓಗ್ಞೆನ್ ಹೊರದೇಶದಿಂದ ತರಿಸಿದ ಹಳೆಯ ಮೂಲ ಪುಸ್ತಕವೊಂದನ್ನು ತೆರೆದು ಎಲ್ಲರಿಗೂ ತೋರಿಸಿದ. ಕರೀ ನಿಲುವಂಗಿಯ ಮೇಲೆ ಬಿಳೀ ಅಕ್ಷರ ತುಂಬಿತ್ತು.

"ನೋಡಿ, ಮೊದಲ ಪುಟದಿಂದಲೇ ಮಾತಾಡ್ತಾನೆ. ಸಿನಿಮಾ ಸರಿಯಾಗೇ ಮಾಡಿದಾರೆ. ಈಗೇನಂತೀರಿ ಮಾಮ? ಒಂದು ನಾಲ್ಕು ಮಾತು, ನಾವು ಕಾಯ್ತೀವಿ. ರಾತ್ರಿ ಊಟದ ಹೊತ್ತಿಗೆ ಮುಗಿದ್ರೆ ಸಾಕು."

ಕೆಲವರು ನಕ್ಕರು. ಸ್ರೆತೆನ್ ಎದ್ದು ನಿಂತ. ಮೊದಲ ಅಕ್ಷರಕ್ಕೇ ತುಂಬ ಹೊತ್ತು ಹಿಡಿಯಿತು. ನಗು ನಿಲ್ಲುವಷ್ಟು ಹೊತ್ತು.

"ಮಾ-ಮಾತಾಡ್ತಾನೆ. ನಂಗೆ ಗುರುವಾರ ಗೊತ್ತಾಯ್ತು. ಹಿಂದೆ ಕೂತಿರೋ ಪೆರ್ಸಿದಕ್ಕ ಅವನ ಮಾತೆಲ್ಲ ಮುಚ್ಚಿದ್ರು. ತಪ್ಪಿಂದ. ಆದ್ರೆ ಈ ಊರಿಗೆ ಬಂದವನು ಮಾತು ಮುಚ್ಚಿಹೋದವನೇ. ನೀವೆಲ್ಲ ಓ-ಓದಿದ್ದು ಅವನನ್ನೇ. ಸಿನಿಮಾದವರು ಆ ಹರಟೆಮಲ್ಲನ್ನ ತಮ್ಮ ಊರಿನ ಬಾಗಿಲ ಮೇಲೆ ಬರ್ಕೊಳ್ಲಿ. ಇದರ ಮೇಲೆ ಬೇಡ."

ಕೈ ಎತ್ತಿಸಿದರು. ಅಳಿಸಬೇಕು ಎಂದವರು ಹನ್ನೊಂದು, ಬೇಡ ಎಂದವರು ಏಳು. ನಾನು ಸದಸ್ಯಳಲ್ಲ, ಎತ್ತಲಿಲ್ಲ.

ಸ್ರೆತೆನ್ ಕೋಟಿನ ಜೇಬಿನಿಂದ ತಿರುಪುಳಿ ತೆಗೆದ. ಬರುವಾಗಲೇ ಇಟ್ಟುಕೊಂಡು ಬಂದಿದ್ದ. ಕೀಲಿನ ಆರು ತಿರುಪನ್ನೂ ಬಿಚ್ಚಿ ಒಂದೊಂದಾಗಿ ಜೇಬಿಗೆ ಹಾಕಿಕೊಂಡ.

"ಏನ್ ಮಾಡ್ತಿದೀರಿ ಮಾಮ?" ಎಂದ ಓಗ್ಞೆನ್.

"ಬಾಗಿಲು ನಾನು ತಂದದ್ದು. ಚಿತ್ರಕ್ಕೆ ಕೈ ಎತ್ತಿದ್ರಿ, ಬಾ-ಬಾಗಿಲಿಗಲ್ಲ."

ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದ. ಅರವತ್ತನಾಲ್ಕು ವರ್ಷದವನು. ಯಾರೂ ಕೈ ಕೊಡಲಿಲ್ಲ, ಅವನೂ ಕೇಳಲಿಲ್ಲ.

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಮೂರನೆಯ ಗುರುವಾರ ಹತ್ತು ಗಂಟೆಗೆ ಗೋಡೆಯ ಆಚೆಯಿಂದ ಕರೆದ.

"ಪೆರ್ಸಿದಕ್ಕ. ಬಾಗಿಲು ಮೆಟ್ಟಿಲಿಗೆ ತಾಗಿ ಕಪ್ಪು ಬಣ್ಣ ಕಿತ್ತಿದೆ. ಬಿ-ಬಿಳೀ ಮರ ಕಾಣ್ತಿದೆ. ಕುಂಚ ಇದೆಯಾ?"

"ಇದೆ. ಕಾಫಿ ತರ್ಲಾ?"

"ಕಾಫಿ ಬೇಡ. ಕೆ-ಕೆಲಸಕ್ಕೆ ಕರೀತಿದೀನಿ."

ಕನ್ನಡಕ ಹಾಕಿಕೊಂಡು ಹೋದೆ. ಅಂಗಳದಲ್ಲಿ ಬಾಗಿಲು ಗೋಡೆಗೆ ಒರಗಿತ್ತು. ಸ್ರೆತೆನ್ ಮುಖ ಆಚೆ ತಿರುಗಿಸಿಕೊಂಡು ಬಣ್ಣದ ಡಬ್ಬಿ ಹಿಡಿದುಕೊಂಡಿದ್ದ. ಹದಿನಾಲ್ಕು ಬಿಳಿ ಚುಕ್ಕೆ ಇದ್ದವು, ಎರಡು ಬಾಯಿ ಇರಬೇಕಾದ ಜಾಗದಲ್ಲೇ. ನಾನು ಅವೆರಡರಿಂದ ಶುರು ಮಾಡಿದೆ.