ಗೂಟಕ್ಕೆ ಹಾಕಲಾಗದ್ದು

ಮಿರಜದ ಆಸ್ಪತ್ರೆಯಲ್ಲಿ ನನ್ನ ಹೃದಯದ ಕವಾಟ ಬದಲಿಸುವ ದಿನ, ಚಿಕ್ಕಪ್ಪನ ಹೆಂಡತಿ ಕಾಕು ಮನೆಯಿಂದ ನನ್ನ ಇಷ್ಟಲಿಂಗ ತಂದು ಕೊರಳಿಗೆ ಕಟ್ಟಿದಳು. ನಾನು ಬಿಚ್ಚಿಟ್ಟ ಅದು ವರ್ಷಗಳಿಂದ ದೇವರ ಜಗಲಿಯ ಪಕ್ಕದ ಗೂಟದಲ್ಲಿ ತೂಗುತ್ತಿತ್ತು. ನಾನು ಬೇಡವೆನ್ನಲಿಲ್ಲ. ಎದೆ ಕೊಯ್ಸಿಕೊಳ್ಳಲು ಹೊರಟವನಿಗೆ ವಾದ ಹೊಳೆಯುವುದಿಲ್ಲ.

ನರ್ಸ್ ಬಂದು, "ಕಾಕಾ, ಮೈಮ್ಯಾಲೆ ಏನೂ ಇರಬಾರದ್ರಿ, ಅದನ್ನ ತಗೀರಿ" ಅಂದಳು.

"ಸತ್ತರೂ ನಾವು ಲಿಂಗ ತಗಿಯಂಗಿಲ್ಲವ್ವಾ," ಅಂದಳು ಕಾಕು.

"ಮಾವಶಿ, ಸಾಯಬಾರದಂತನ ತಗೀರಿ ಅನ್ನಾಕತ್ತೇನಿ."

ಕಾಕು ಅದನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. ಇಷ್ಟು ಓದಿದ ನಾನು ಒಳಗೆ ಹೋಗುವಾಗ ಆ ಗಂಟನ್ನೇ ತಿರುತಿರುಗಿ ನೋಡಿದೆ.

ಸಾಂಗಲಿಯ ಮನೆಗೆ ಮರಳಿದ ಮೇಲೆ ಕಾಕು ಲಿಂಗವನ್ನು ಮತ್ತೆ ಕಟ್ಟಲು ಬಗ್ಗಿದಾಗ, ನನ್ನೆದೆಯೊಳಗಿನ ಲೋಹದ ಕವಾಟದ ಟಿಕ್ ಟಿಕ್ ಅವಳಿಗೆ ಕೇಳಿಸಿತು.

"ಇದನ್ನರೆ ಗೂಟಕ್ಕ ಹಾಕಾಕ ಬರಂಗಿಲ್ಲ ನೋಡಪಾ," ಅಂದಳು.

ಆ ಗೂಟದಲ್ಲೀಗ ನನ್ನ ಗುಳಿಗೆಯ ಚೀಲ ತೂಗುತ್ತದೆ. ಅದನ್ನು ಮಾತ್ರ ನಾನು ತ್ರಿಕಾಲ ತಪ್ಪದೆ ಪೂಜಿಸುತ್ತೇನೆ.