ಡಬ್ಬಿಯಲ್ಲಿ ಉಳಿದ ಒಂದು ಕಲ್ಲು

ನಮ್ಮ ಕಡಲತೀರದ ಉದ್ಯಾನಕ್ಕೆ ಬರುವವರಿಗೆಲ್ಲ ಸೀಟಿ ಮಾವನ ಮೇಲೆ ಸಿಟ್ಟು. ಸೂರ್ಯ ಇನ್ನೇನು ಮುಳುಗಬೇಕು, ಎಲ್ಲರೂ ಫೋನು ಎತ್ತಿ ಹಿಡಿದಿರಬೇಕು, ಆಗಲೇ ಈ ಕಾವಲುಗಾರ ಸೀಟಿ ಊದಿ ಮೇಲಕ್ಕೆ ಅಟ್ಟುತ್ತಿದ್ದರು. ತಪ್ಪು ಅವರದಲ್ಲ. ಹಿಂದೊಂದು ಕಾಲಕ್ಕೆ ಹಡಗುಗಳು ಬಂದು ನಿಲ್ಲುತ್ತಿದ್ದ ಕಲ್ಲುಕಟ್ಟೆ ಕೆಳಗಿದೆ. ಅಲ್ಲಿಗೆ ಬಂಡೆ ಕಡಿದು ಮಾಡಿದ ನೂರಾ ಎಂಬತ್ತು ಮೆಟ್ಟಿಲುಗಳೇ ದಾರಿ. ಕತ್ತಲಲ್ಲಿ ಉಬ್ಬರ ಬಂದರೆ ಕೊನೆಯ ಮೆಟ್ಟಿಲುಗಳು ಮುಳುಗುವುದೇ ಕಾಣದು. ಆಮೇಲೆ ಕೆಳಗುಳಿದವರ ಕಥೆ ಮುಗಿದಂತೆಯೇ.

ಮೂವತ್ತೊಂದು ವರ್ಷ ಮಾವನ ಲೆಕ್ಕ ಒಂದೇ. ಒಬ್ಬರು ಇಳಿದರೆ ತಗಡಿನ ಡಬ್ಬಿಗೆ ಒಂದು ಕಲ್ಲು, ಒಬ್ಬರು ಹತ್ತಿ ಬಂದರೆ ಒಂದು ಕಲ್ಲು ಹೊರಗೆ. ಡಬ್ಬಿ ಖಾಲಿಯಾಗದೆ ಗೇಟಿಗೆ ಬೀಗ ಬೀಳುತ್ತಿರಲಿಲ್ಲ. ಯಂತ್ರ ತರಿಸೋಣ ಎಂದ ಸಾಹೇಬರಿಗೆ, "ಯಂತ್ರ ಕೆಡತ್ತೆ ಸಾರ್, ಕಲ್ಲು ಕೆಡಲ್ಲ" ಎಂದರಂತೆ. ಈಗ ಡಬ್ಬಿ, ಸೀಟಿ ಎರಡೂ ನನ್ನ ಪಾಲಿಗೆ ಬಂದಿವೆ. ಕೆಲಸ ಕಲಿಸುವಾಗ ಅವರು ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ.

ನಿವೃತ್ತಿಯಾದ ಎರಡನೇ ಭಾನುವಾರ ಮಾವ ಹೆಂಡತಿಯನ್ನು ಕರೆದುಕೊಂಡು ಬಂದರು. ನಾನು ಅವರನ್ನು ಅತ್ತೆ ಎನ್ನುತ್ತೇನೆ. ಇಷ್ಟು ವರ್ಷದಲ್ಲಿ ಅತ್ತೆ ಈ ತೀರ ನೋಡಿದ್ದೇ ಇಲ್ಲ.

"ನನ್ನ ಸವತಿ ಹೇಗಿದ್ದಾಳೆ ನೋಡೋಣ ಅಂತ ಬಂದೆ ಕಣಮ್ಮ," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಇವರ ಪಕ್ಕ ಕೂತು ಸೂರ್ಯ ಮುಳುಗೋದು ನೋಡ್ಬೇಕು. ದಿನಾ ಇವರಿಗೆ ಕಾದು ಕಾದು ಆರಿದ ಊಟ ಬಿಸಿ ಮಾಡಿದ್ದೀನಿ, ಇಷ್ಟೂ ಕೇಳಬಾರದಾ?"

ಮಾವ ತಾವೇ ಡಬ್ಬಿಗೆ ಎರಡು ಕಲ್ಲು ಹಾಕಿ, ಮಂಡಿ ನೋವೆಂದು ಗೊಣಗುತ್ತಾ ಅತ್ತೆಯ ಜೊತೆ ಇಳಿದರು.

ಸಂಜೆ ಹೊತ್ತಿಗೆ ಸರಿಯಾಗಿ ನಾನು ಸೀಟಿ ಊದಿದೆ. ತಗೋ, ಅತ್ತೆಯ ಪಕ್ಕ ಕೂತಿದ್ದ ಮಾವ ತಟ್ಟನೆ ಎದ್ದರು! "ಹತ್ತಿ ಹತ್ತಿ, ಬೇಗ" ಎಂದು ಇದ್ದ ಜನರನ್ನೆಲ್ಲ ಮೇಲೆ ಕಳಿಸಿ, ಹಿಂದೆಯೇ ತಾವೂ ಬಂದು, ತಮ್ಮ ಕಲ್ಲು ತೆಗೆದು ಡಬ್ಬಿಯೊಳಗೆ ಇಣುಕಿದರು. ಒಂದು ಕಲ್ಲು ಉಳಿದಿತ್ತು. ಮಾವನ ಮುಖ ಬಿಳಿಚಿಕೊಂಡಿತು.

"ಯಾರೋ ಒಬ್ರು ಕೆಳಗಿದ್ದಾರೆ!"

ನಾನು ಬಾಯಿ ತೆರೆಯುವುದರೊಳಗೆ ಮಾವ ಕೆಳಗೆ ಓಡಿಯಾಗಿತ್ತು. ನನಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು. ನಾನೂ ಹಿಂದೆ ಇಳಿದೆ.

ಕಟ್ಟೆಯ ಮೇಲೆ ಅತ್ತೆ ಒಬ್ಬರೇ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಊರವರನ್ನೆಲ್ಲ ಕರ್ಕೊಂಡು ಹೋದ್ರಿ. ನನ್ನೊಬ್ಬಳನ್ನ ಬಿಟ್ಟು."

ಮಾವನಿಗೆ ಸುಳ್ಳು ಬಾರದು. "ನೀನು ಅಂತ ಗೊತ್ತಿರಲಿಲ್ಲ ಕಣೆ. ಯಾರೋ ಉಳಿದಿದ್ದಾರೆ ಅಂತ ಬಂದೆ."

ಅಯ್ಯೋ ಮಾರಾಯ, ಆ ಹೊತ್ತಿಗಾದರೂ ಒಂದು ಸುಳ್ಳು ಹೇಳಬಾರದಿತ್ತೇ ಎಂದುಕೊಂಡೆ. ಅತ್ತೆ ಅವರನ್ನೇ ನೋಡಿದರು. ಮಾವ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು.

"ಯಾರೋ ಅಂತ ಈ ಮಂಡಿ ಇಟ್ಕೊಂಡು ಹೀಗೆ ಓಡಿ ಬಂದ್ರಾ?"

"ಮತ್ತೆ? ಅವರಿಗೂ ಮನೇಲಿ ಯಾರಾದ್ರೂ ಕಾಯ್ತಿರ್ತಾರಲ್ಲ."

ಅತ್ತೆ ಪಕ್ಕಕ್ಕೆ ಸರಿದು, ಕೈಯಿಂದ ಕಲ್ಲಿನ ಮೇಲಿನ ಮರಳು ಒರೆಸಿ, "ಕೂತ್ಕೊಳ್ಳಿ" ಎಂದರು.

ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ, ನೀರು ಮೆಟ್ಟಿಲು ಮುಟ್ಟಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಮಾವ ಎದ್ದು ನೋಡದಿರಲಿ ಎಂದು, ಕೊನೆಯ ಮೆಟ್ಟಿಲ ಮೇಲೆ ನಿಂತು ಆ ನೀರನ್ನು ನಾನೇ ಕಾದೆ.